ಫ್ರೆಡ್ಡಿ ಇಳಿಸಿ ಹಾಡಿದ ಸ್ವರಗಳು

ಇಂಗ್ಲೆಂಡಿನ ರಾಕ್ ತಂಡ 'ಕ್ವೀನ್'ನ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಅಭಿಮಾನಿಗಳು ಎಲ್ಲಿ ಸೇರಿದರೂ, ಅದು ಲಂಡನ್ನಿನಲ್ಲಿರಲಿ, ನಮ್ಮ ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿರಲಿ, ಸ್ವಲ್ಪ ಹೊತ್ತಿನಲ್ಲೇ ಮಾತು ಅವನ ಕಂಠದ ವ್ಯಾಪ್ತಿಗೆ ಬಂದು ನಿಲ್ಲುತ್ತದೆ. ನಾಲ್ಕು ಸ್ಥಾಯಿಗಳಲ್ಲಿ ಹಾಡುತ್ತಿದ್ದ ಎಂದು ಒಬ್ಬರು ಹೇಳುತ್ತಾರೆ, ಅಂಥ ಗಾಯಕ ರಾಕ್ ಸಂಗೀತದಲ್ಲಿ ಮತ್ತೆ ಹುಟ್ಟಲಿಲ್ಲ ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ, ಅಲ್ಲಿಗೆ ವಿಷಯ ಮುಗಿದಂತೆ ಎಲ್ಲರೂ ತಲೆದೂಗುತ್ತಾರೆ. ಎರಡನೆಯ ಮಾತಿಗೆ ನನ್ನ ತಕರಾರಿಲ್ಲ. ಮೊದಲನೆಯದು ಮಾತ್ರ ನನಗೆ ಯಾವಾಗಲೂ ಅಪ್ರಸ್ತುತವೆನಿಸಿದೆ, ಏಕೆಂದರೆ ಫ್ರೆಡ್ಡಿಯ ಹೆಸರು ನಿಂತಿರುವುದು ಅವನ ವೇದಿಕೆಯ ಹಾಡುಗಾರಿಕೆಯ ಮೇಲೆ, ಮತ್ತು ವೇದಿಕೆಯ ಮೇಲೆ ಅವನು ತನ್ನದೇ ಧ್ವನಿಮುದ್ರಿಕೆಗಳ ಅತ್ಯಂತ ಎತ್ತರದ ಸ್ವರಗಳಲ್ಲಿ ಅನೇಕವನ್ನು ಮುಟ್ಟುತ್ತಲೇ ಇರಲಿಲ್ಲ. ಇದು ಅವನ ಕೊರತೆಯೆಂದು ಹೇಳಲು ನಾನು ಹೊರಟಿಲ್ಲ. ಅವನ ಬಗ್ಗೆ ನನಗಿರುವ ಮೆಚ್ಚುಗೆಯ ಬಹುಪಾಲು ಇರುವುದೇ ಆ ಇಳಿಸಿ ಹಾಡಿದ ಸ್ವರಗಳಲ್ಲಿ.

ಅವನ ಜೀವನದ ವಿವರಗಳು ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1946ರ ಸೆಪ್ಟೆಂಬರ್ 5ರಂದು ಝಾಂಜಿಬಾರಿನಲ್ಲಿ, ಗುಜರಾತ್ ಮೂಲದ ಪಾರ್ಸಿ ಕುಟುಂಬವೊಂದರಲ್ಲಿ ಹುಟ್ಟಿದ ಫಾರೂಖ್ ಬಲ್ಸಾರಾ (ಫ್ರೆಡ್ಡಿಯ ಮೊದಲ ಹೆಸರು ಅದು) ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ವಸತಿ ಶಾಲೆಯಲ್ಲಿ. ಅಲ್ಲಿಯ ಹುಡುಗರು ಕಟ್ಟಿಕೊಂಡ 'ಹೆಕ್ಟಿಕ್ಸ್' ಎಂಬ ತಂಡದಲ್ಲಿ ಅವನು ಪಿಯಾನೊ ನುಡಿಸುತ್ತಿದ್ದ. 1964ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು, 1970ರಲ್ಲಿ ಗಿಟಾರಿನ ಬ್ರಯನ್ ಮೇ ಮತ್ತು ಡ್ರಮ್ಸಿನ ರೋಜರ್ ಟೇಲರ್ ಜೊತೆ ಸೇರಿ 'ಕ್ವೀನ್' ಆಯಿತು, ಮರುವರ್ಷ ಬೇಸ್ ಗಿಟಾರಿಗೆ ಜಾನ್ ಡೀಕನ್ ಬಂದ. 1991ರ ನವೆಂಬರ್ 24ರಂದು, 45ನೆಯ ವಯಸ್ಸಿನಲ್ಲಿ, ಏಡ್ಸ್ ತಂದ ನ್ಯುಮೋನಿಯಾದಿಂದ ಫ್ರೆಡ್ಡಿ ತೀರಿಕೊಂಡ. ಪಂಚಗಣಿಯಲ್ಲಿ ಬೆಳೆದವನಾದರೂ ಕ್ವೀನ್ ತಂಡದೊಂದಿಗೆ ಅವನು ಭಾರತದಲ್ಲಿ ಒಂದು ಕಾರ್ಯಕ್ರಮವನ್ನೂ ಕೊಡಲಿಲ್ಲ. ಹೀಗಾಗಿ ನಮ್ಮ ಕಡೆಯ ಅಭಿಮಾನಿಗಳೆಲ್ಲ ಅವನನ್ನು ಕಂಡದ್ದು ಪರದೆಯ ಮೇಲೆ, ಕೇಳಿದ್ದು ಕ್ಯಾಸೆಟ್ಟಿನಲ್ಲಿ.

ಎಂಬತ್ತರ ದಶಕದ ಉಡುಪಿಯಲ್ಲಿ ಇಂಗ್ಲಿಷ್ ಹಾಡುಗಳ ಕ್ಯಾಸೆಟ್ಟು ಬೇಕೆಂದರೆ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಹುಡುಕಬೇಕಿತ್ತು, ಇಲ್ಲವೇ ಗಲ್ಫಿನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆ ತೆರೆಯುವುದನ್ನು ಕಾಯಬೇಕಿತ್ತು. ನನ್ನ ಪಾಲಿಗೆ ಫ್ರೆಡ್ಡಿ ಬಂದದ್ದು ಭಾವನ ಪೆಟ್ಟಿಗೆಯಲ್ಲಿ, ಟೂ-ಇನ್-ಒನ್ ಜೊತೆ, ಸೀರೆ ಮತ್ತು ಅತ್ತರಿನ ನಡುವೆ. ಆ ಕ್ಯಾಸೆಟ್ಟು 1979ರ 'ಲೈವ್ ಕಿಲ್ಲರ್ಸ್' ಆಗಿತ್ತು, ಅಂದರೆ ಆ ವರ್ಷದ ಆರಂಭದಲ್ಲಿ ಯುರೋಪಿನಲ್ಲಿ ನಡೆದ ಕಾರ್ಯಕ್ರಮಗಳಿಂದ ಆಯ್ದು ಮಾಡಿದ ಮುದ್ರಿಕೆ. ಹೆಚ್ಚಿನವರು ಸ್ಟುಡಿಯೋದ ಫ್ರೆಡ್ಡಿಯನ್ನು ಮೊದಲು ಕೇಳಿ ಆಮೇಲೆ ವೇದಿಕೆಯ ಫ್ರೆಡ್ಡಿಯ ಕಡೆಗೆ ಬರುತ್ತಾರೆ. ನಾನು ತಿರುಗುಮುರುಗಾಗಿ ಬಂದವನು. ಜನರ ಗದ್ದಲದ ನಡುವೆ, ಉಸಿರಿನ ಸದ್ದಿನೊಂದಿಗೆ, ಅಲ್ಲಲ್ಲಿ ಒರಟಾಗುವ ಆ ಕಂಠವೇ ನನಗೆ ಮೂಲವಾಯಿತು. ಕಾಲೇಜಿಗೆ ಬಂದ ಮೇಲೆ ಸ್ಟುಡಿಯೋ ಮುದ್ರಿಕೆಗಳನ್ನು ಕೇಳಿದಾಗ, ಇದೇನು ಇಷ್ಟು ನುಣುಪಾಗಿದೆ, ಇಷ್ಟು ಮೇಲಕ್ಕೆ ಹೋಗುತ್ತಿದೆ ಎಂದು ಅಚ್ಚರಿಪಟ್ಟದ್ದುಂಟು.

ಆ ವ್ಯತ್ಯಾಸಕ್ಕೆ ಕಾರಣ ಸ್ಟುಡಿಯೋದ ಕೆಲಸದ ವಿಧಾನದಲ್ಲಿದೆ. 1975ರ 'ಬೊಹಿಮಿಯನ್ ರಾಪ್ಸಡಿ'ಯ ನಡುವಿನ ಒಪೆರಾ ಭಾಗವನ್ನು ಹಾಡಿದ್ದು ಮೂವರೇ ಜನ. ಫ್ರೆಡ್ಡಿ, ಬ್ರಯನ್ ಮತ್ತು ರೋಜರ್ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ, ಟೇಪಿನ ಮೇಲೆ ಪದರ ಪದರವಾಗಿ ಸೇರಿಸುತ್ತ, ಮೂರು ವಾರಗಳ ದುಡಿಮೆಯಲ್ಲಿ ಒಂದು ದೊಡ್ಡ ವೃಂದದ ಭ್ರಮೆಯನ್ನು ಕಟ್ಟಿದರು. ಅದರ ತುತ್ತತುದಿಯ ಸ್ವರಗಳು ರೋಜರ್ ಟೇಲರನವು ಎಂಬುದು ಅನೇಕ ಅಭಿಮಾನಿಗಳಿಗೆ ಇಂದಿಗೂ ಗೊತ್ತಿಲ್ಲ, ಫ್ರೆಡ್ಡಿಯ ಖಾತೆಗೇ ಅವನ್ನು ಬರೆದುಬಿಡುತ್ತಾರೆ. ಮರುವರ್ಷದ 'ಸಮ್‌ಬಡಿ ಟು ಲವ್' ಹಾಡಿನಲ್ಲೂ ಇದೇ ಮೂವರು ಅಮೆರಿಕದ ಕರಿಯರ ಇಗರ್ಜಿಗಳ ಗಾಯನ ವೃಂದವನ್ನು ತಮ್ಮ ಕಂಠಗಳಿಂದಲೇ ಸೃಷ್ಟಿಸಿದರು. ಅದರ ಹಿಂದೆ ಫ್ರೆಡ್ಡಿಗೆ ಆ ಪರಂಪರೆಯ ಗಾಯಕಿ ಅರೀಥಾ ಫ್ರಾಂಕ್ಲಿನ್ ಬಗ್ಗೆ ಇದ್ದ ಭಕ್ತಿ ಇತ್ತು. ಸ್ಟುಡಿಯೋದಲ್ಲಿ ಒಂದು ಸಾಲು ಸರಿಬಾರದಿದ್ದರೆ ಮತ್ತೆ ಹಾಡಬಹುದು, ಗಂಟಲು ದಣಿದರೆ ನಾಳೆ ಬರಬಹುದು. ವೇದಿಕೆಯ ಮೇಲೆ ಈ ಎರಡೂ ಅನುಕೂಲಗಳಿಲ್ಲ.

ಅದಕ್ಕೆ ಕ್ವೀನ್ ಕಂಡುಕೊಂಡ ಪರಿಹಾರ ನನಗೆ ತುಂಬ ಪ್ರಾಮಾಣಿಕವಾಗಿ ತೋರುತ್ತದೆ. ಒಪೆರಾ ಭಾಗ ಬಂದಾಗ ನಾಲ್ವರೂ ವೇದಿಕೆ ಬಿಟ್ಟು ಒಳಗೆ ಹೋಗುತ್ತಿದ್ದರು, ಟೇಪು ಓಡುತ್ತಿತ್ತು, ದೀಪಗಳು ಆಡುತ್ತಿದ್ದವು, ಅದು ಮುಗಿದು ರಾಕ್ ಭಾಗ ಆರಂಭವಾಗುವ ಹೊತ್ತಿಗೆ ಸಿಡಿದಂತೆ ಹೊರಗೆ ಬರುತ್ತಿದ್ದರು. ತುಟಿ ಆಡಿಸಿ ಹಾಡಿದಂತೆ ನಟಿಸುವ ದಾರಿಯನ್ನು ಅವರು ಹಿಡಿಯಲಿಲ್ಲ. ಉಳಿದ ಹಾಡುಗಳಲ್ಲಿ ಫ್ರೆಡ್ಡಿ ರಾಗದ ಸಾಲನ್ನೇ ಅಲ್ಲಲ್ಲಿ ತಿರುಗಿಸಿಕೊಂಡ. 'ವಿ ಆರ್ ದ ಚಾಂಪಿಯನ್ಸ್' ಹಾಡಿನ ಪಲ್ಲವಿಯ ಶಿಖರ ಸ್ವರವನ್ನು ಮುದ್ರಿಕೆಯಲ್ಲಿ ಕೇಳಿದವರು ವೇದಿಕೆಯ ಮುದ್ರಣಗಳನ್ನು ಕೇಳಿದರೆ, ಹೆಚ್ಚಿನ ಸಂಜೆಗಳಲ್ಲಿ ಅವನು ಅದನ್ನು ಬಿಟ್ಟು ಕೆಳಗಿನ ಸ್ವರವೊಂದನ್ನು ಹಿಡಿಯುವುದನ್ನು ಗಮನಿಸಬಹುದು. ಎತ್ತರದ ಕೆಲಸವನ್ನು ಡ್ರಮ್ಸಿನ ಹಿಂದಿನಿಂದ ರೋಜರ್ ನೋಡಿಕೊಳ್ಳುತ್ತಿದ್ದ. 'ಡೋಂಟ್ ಸ್ಟಾಪ್ ಮಿ ನೌ' ಈಗ ಎಷ್ಟೊಂದು ಜನಪ್ರಿಯ. ಆದರೆ 1979ರ ನಂತರ ಕ್ವೀನ್ ಅದನ್ನು ವೇದಿಕೆಗೆ ತರಲೇ ಇಲ್ಲ.

ಮಂಗಳೂರಿನ ಇಗರ್ಜಿಯೊಂದರ ಗಾಯನ ವೃಂದದಲ್ಲಿ ಚಿಕ್ಕಂದಿನಿಂದಲೂ ಹಾಡಿದ ಗೆಳೆಯನೊಬ್ಬ ನನಗಿದ್ದಾನೆ. ಟೆನರ್, ಬ್ಯಾರಿಟೋನ್, ಬೇಸ್ ಎಂಬ, ಗಂಡಸರ ಎತ್ತರದ, ನಡುವಿನ, ತಗ್ಗಿನ ಕಂಠಗಳ ವಿಂಗಡಣೆಗಳು ಅವನಿಗೆ ಮನೆಮಾತು. ಕ್ರಿಸ್‌ಮಸ್ಸಿನ ವಾರದಲ್ಲಿ ದಿನಕ್ಕೆರಡು ಬಾರಿ ಹಾಡಿ ಗಂಟಲು ಕಟ್ಟಿಕೊಂಡ ಅನುಭವವೂ ಅವನಿಗಿದೆ. ಅವನ ಕಂಕನಾಡಿಯ ಮನೆಯಲ್ಲಿ ಕುಳಿತು ಈ ಇಳಿಸಿದ ಸ್ವರಗಳ ಬಗ್ಗೆ ನಾನು ಸ್ವಲ್ಪ ಬೇಸರದಿಂದ ಮಾತೆತ್ತಿದಾಗ ಅವನು ತಟ್ಟನೆ, "ಅದು ಸ್ವರ ಬಿಟ್ಟದ್ದಲ್ಲ ಮಾರಾಯ, ಉಳಿಸಿಟ್ಟದ್ದು. ನಾಳೆ ಸಂಜೆ ಇನ್ನೊಂದು ಊರಿನಲ್ಲಿ ಹಾಡಲಿಕ್ಕೆ ಉಂಟಲ್ಲ," ಎಂದ. ಅನಂತರ ಅವನೇ ಒಂದು ಹಾಡನ್ನು ಹಾಕಿ, ಫ್ರೆಡ್ಡಿ ಎಲ್ಲಿ ಇಳಿಯುತ್ತಾನೆ ಎಂಬುದಕ್ಕಿಂತ ಇಳಿದ ಮೇಲೆ ಆ ಸಾಲನ್ನು ಹೇಗೆ ಮುಗಿಸುತ್ತಾನೆ ಎಂಬುದರ ಕಡೆಗೆ ನನ್ನ ಗಮನ ಸೆಳೆದ. ಕೆಳಗಿನ ಸ್ವರಕ್ಕೆ ಬಂದಾಗಲೆಲ್ಲ ಫ್ರೆಡ್ಡಿ ಅಲ್ಲಿ ಲಯವನ್ನು ಒಂದಿಷ್ಟು ಹಿಂದಕ್ಕೆಳೆಯುತ್ತಾನೆ, ಇಲ್ಲವೇ ಮಾತಿನಂತೆ ಗದರಿಸಿ ಹೇಳುತ್ತಾನೆ, ಇಲ್ಲವೇ ಮೂಲದಲ್ಲಿಲ್ಲದ ಒಂದು ಪುಟ್ಟ ಅಲಂಕಾರವನ್ನು ಸೇರಿಸುತ್ತಾನೆ. ಹೀಗಾಗಿ ಕೇಳುವವರಿಗೆ ಏನೋ ಕಳೆದುಹೋಯಿತು ಎನಿಸುವುದೇ ಇಲ್ಲ.

ಉಳಿಸಿಡಬೇಕಾದ ಅಗತ್ಯ ಅವನಿಗೆ ನಿಜವಾಗಿಯೂ ಇತ್ತು. 1975ರ ಅಮೆರಿಕ ಪ್ರವಾಸದಲ್ಲಿ ಗಂಟಲು ಕೈಕೊಟ್ಟು ಹಲವು ಕಾರ್ಯಕ್ರಮಗಳನ್ನು ರದ್ದುಮಾಡಬೇಕಾಯಿತು. ಧ್ವನಿತಂತುಗಳ ಮೇಲೆ ಗಂಟು ಮೂಡುವ ತೊಂದರೆ ಆಮೇಲೂ ಅವನನ್ನು ಕಾಡಿತು. ಸಿಗರೇಟಿನ ಚಟ ಅದಕ್ಕೆ ಏನೂ ಸಹಾಯ ಮಾಡಲಿಲ್ಲ. ಬಾಯಿಯ ಹಿಂಭಾಗದಲ್ಲಿ ನಾಲ್ಕು ಹೆಚ್ಚುವರಿ ಹಲ್ಲುಗಳಿದ್ದು ಮುಂದಿನ ಹಲ್ಲುಗಳು ಹೊರಚಾಚಿದ್ದರೂ, ಧ್ವನಿ ಕೆಟ್ಟೀತೆಂಬ ಭಯದಿಂದ ಅವನು ಅವುಗಳನ್ನು ಸರಿಪಡಿಸಿಕೊಳ್ಳಲಿಲ್ಲ ಎಂಬ ಸಂಗತಿ ಪ್ರಸಿದ್ಧ.

2016ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು ಅವನ ಧ್ವನಿಯ ಮೇಲೆ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸಂದರ್ಶನಗಳಲ್ಲಿ ಅವನು ಮಾತನಾಡುವ ಧ್ವನಿಯ ಶ್ರುತಿಯನ್ನು ಅಳೆದು, ಅದು ಸುಮಾರು 117 ಹರ್ಟ್ಸ್ ಇರುವುದರಿಂದ ಅವನು ಸಹಜವಾಗಿ ಬ್ಯಾರಿಟೋನ್ ಆಗಿದ್ದಿರಬೇಕು, ಟೆನರಿನಂತೆ ಹಾಡಿದ್ದು ಆಯ್ಕೆಯಿಂದ ಎಂದು ಅವರು ಅಭಿಪ್ರಾಯಪಟ್ಟರು. ನಾಲ್ಕು ಸ್ಥಾಯಿಗಳ ಮಾತನ್ನು ಅವರಿಗೆ ದೃಢಪಡಿಸಲಾಗಲಿಲ್ಲ. ಅವನು ಸ್ವರವೊಂದನ್ನು ಹಿಡಿದು ನಿಂತಾಗ ಅದರಲ್ಲಿ ಕೇಳುವ ವೈಬ್ರೇಟೊ ಎಂಬ ತೂಗಾಟ ಸೆಕೆಂಡಿಗೆ ಸುಮಾರು ಏಳು ಸಲ, ಅಂದರೆ ಸಾಮಾನ್ಯ ಗಾಯಕರಿಗಿಂತ ವೇಗವಾಗಿ, ಮತ್ತು ಅಷ್ಟೇನೂ ಕ್ರಮಬದ್ಧವಲ್ಲದ ರೀತಿಯಲ್ಲಿ ನಡೆಯುತ್ತಿತ್ತು. ಆ ಒರಟು ಗರ್ಜನೆಯನ್ನು ಅರಿಯಲು ಅವನ ಶೈಲಿಯನ್ನು ಅನುಕರಿಸಬಲ್ಲ ಒಬ್ಬ ರಾಕ್ ಗಾಯಕನ ಗಂಟಲಿಗೆ ಕ್ಯಾಮರಾ ಇಳಿಸಿ, ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು ನೋಡಿದರು. ಧ್ವನಿತಂತುಗಳ ಮೇಲ್ಗಡೆ ಇರುವ, ಸಾಮಾನ್ಯ ಮಾತಿನಲ್ಲಿ ಕೆಲಸಕ್ಕೆ ಬಾರದ ಮಡಿಕೆಗಳೂ ಆಗ ಜೊತೆಗೂಡಿ ಅದುರುತ್ತಿದ್ದವು. ಈ ಸುದ್ದಿ ಬಂದಾಗ ನಮ್ಮ ಬಳಗದಲ್ಲಿ ಕೆಲವರು ನಾಲ್ಕು ಸ್ಥಾಯಿ ಕೈತಪ್ಪಿತೆಂದು ಬೇಸರಪಟ್ಟರು. ನನಗೆ ಇದರಿಂದ ಅವನ ಮೇಲಿನ ಗೌರವ ಹೆಚ್ಚಾಯಿತು. ಹುಟ್ಟಿನಿಂದ ಬಂದ ಶಾರೀರದ ಎಲ್ಲೆಯಾಚೆಗೆ ನಿಂತು, ಎರಡು ಗಂಟೆಗಳ ಕಾಲ, ಪ್ರವಾಸದುದ್ದಕ್ಕೂ ಸಂಜೆ ಸಂಜೆಗೆ ಹಾಡಿದವನು ಅವನು ಎಂದಾಯಿತಲ್ಲ.

ಕರಾವಳಿಯವರಿಗೆ ಈ ವಿಷಯವನ್ನು ವಿವರಿಸುವುದು ಕಷ್ಟವಲ್ಲ. ಇರುಳಿಡೀ ನಡೆಯುವ ಯಕ್ಷಗಾನದ ಆಟಗಳಲ್ಲಿ ಪದ್ಯ ಹಾಡುವ ಭಾಗವತರ ಸ್ವರವನ್ನು ನಾವು ಕೇಳುವುದೇ ಹೀಗೆ. ಮುಖ್ಯ ಭಾಗವತರು ನಡುರಾತ್ರಿಯ ಹೊತ್ತಿಗೆ ರಂಗಸ್ಥಳಕ್ಕೆ ಬಂದು ಕುಳಿತರೆ, ಬೆಳಗಿನ ಜಾವದ ಏರುಪದ್ಯಗಳಿಗೆ ಎಷ್ಟು ಕಂಠ ಬೇಕು, ಈಗಿನ ಕರುಣದ ಪದ್ಯಕ್ಕೆ ಎಷ್ಟು ಸಾಕು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ನಡೆಯುತ್ತಲೇ ಇರುತ್ತದೆ. ಹಳೆಯ ಪ್ರೇಕ್ಷಕರಿಗೆ ಆ ಲೆಕ್ಕ ಕೂಡ ರಸಾಸ್ವಾದದ ಭಾಗ. ನನ್ನ ಸೋದರಮಾವ ಬ್ರಹ್ಮಾವರದ ಕಡೆಯವರು, ಬಡಗುತಿಟ್ಟಿನ ಆಟವಲ್ಲದೆ ಬೇರೆ ಸಂಗೀತಕ್ಕೆ ಕಿವಿಗೊಟ್ಟವರೇ ಅಲ್ಲ. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ ಫ್ರೆಡ್ಡಿಯ ಕಾರ್ಯಕ್ರಮದ ವಿಡಿಯೊ ಓಡುತ್ತಿತ್ತು. ಎಲೆಯಡಿಕೆ ಮೆಲ್ಲುತ್ತ ಸ್ವಲ್ಪ ಹೊತ್ತು ನೋಡಿದ ಅವರು, "ಸ್ವರ ಏನೋ ಉಂಟು. ಇವ ಬೆಳಗಿನವರೆಗೆ ಪದ್ಯ ಹೇಳಿಯಾನಾ?" ಎಂದು ಕೇಳಿದರು.

"ಇಲ್ಲ ಮಾವ, ಇವರದ್ದು ಎರಡು ಗಂಟೆಯ ಕಾರ್ಯಕ್ರಮ."

"ಎರಡೇ ಗಂಟೆಯಾ? ಕುಣಿತ ಕೂಡ ಇವನದ್ದೇ?"

"ಹೌದು, ಅವನದ್ದೇ."

ಅವರು ಮತ್ತೊಮ್ಮೆ ಪರದೆಯ ಕಡೆ ನೋಡಿ, "ಹಾಗಾದರೆ ಸುಲಭ ಅಲ್ಲ. ಭಾಗವತರು ಕೂತಲ್ಲಿಂದ ಏಳುವುದಿಲ್ಲ, ವೇಷದವರು ಪದ್ಯ ಹೇಳುವುದಿಲ್ಲ. ಇವ ಎರಡೂ ಮಾಡುತ್ತಾನೆ," ಎಂದರು. ಫ್ರೆಡ್ಡಿಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ನೇರವಾದ ಮಾತನ್ನು ಕಂಡ ನೆನಪಿಲ್ಲ. ಓಡುತ್ತ, ಹಿಂದಕ್ಕೆ ಬಾಗುತ್ತ, ಪಿಯಾನೊದಿಂದ ಎದ್ದು ವೇದಿಕೆಯ ತುದಿಗೆ ಧಾವಿಸುತ್ತ, ಕೈಯಲ್ಲಿ ಆ ತುಂಡು ಮೈಕ್ ಕಂಬವನ್ನು ತಿರುಗಿಸುತ್ತ ಅವನು ಹಾಡುತ್ತಿದ್ದ. ಆ ತುಂಡು ಕಂಬವೂ ಆಕಸ್ಮಿಕವಾಗಿ ಬಂದದ್ದು. ಆರಂಭದ ದಿನಗಳ ಒಂದು ಕಾರ್ಯಕ್ರಮದಲ್ಲಿ ಕಂಬ ನಡುವೆ ಮುರಿದು ಮೇಲಿನ ಭಾಗ ಅವನ ಕೈಯಲ್ಲಿ ಉಳಿಯಿತಂತೆ, ಅದು ಹಿಡಿಸಿದ್ದರಿಂದ ಕೊನೆಯವರೆಗೂ ಹಾಗೆಯೇ ಇಟ್ಟುಕೊಂಡ. ಕುಣಿತದ ನಡುವೆ ಉಸಿರು ಎಲ್ಲಿ ಸಿಗುತ್ತಿತ್ತು ಎಂಬ ಪ್ರಶ್ನೆಯನ್ನು ಮಾವನ ಮಾತಿನ ನಂತರವೇ ನಾನು ಗಂಭೀರವಾಗಿ ಯೋಚಿಸಿದ್ದು. ಅವನು ಇಳಿಸಿದ ಎಷ್ಟೋ ಸ್ವರಗಳು ಬರುವುದು ಓಟ ಮುಗಿಸಿ ನಿಂತ ಕ್ಷಣಗಳಲ್ಲಿ. ಪಿಯಾನೊದ ಮುಂದೆ ಕುಳಿತಾಗ ಅದೇ ಕಂಠ ಎಷ್ಟೋ ಹೆಚ್ಚು ಧೈರ್ಯದಿಂದ ಮೇಲಕ್ಕೆ ಹೋಗುತ್ತದೆ.

ಹೀಗೆ ಕೇಳಲು ಕಲಿತ ಮೇಲೆ 1985ರ ಜುಲೈ 13ರ 'ಲೈವ್ ಏಡ್' ನನಗೆ ಬೇರೆಯೇ ಆಗಿ ಕೇಳಿಸತೊಡಗಿತು. ಇಥಿಯೋಪಿಯಾದ ಬರಗಾಲದ ಸಂತ್ರಸ್ತರಿಗಾಗಿ ಲಂಡನ್ನಿನ ವೆಂಬ್ಲಿ ಮತ್ತು ಅಮೆರಿಕದ ಫಿಲಡೆಲ್ಫಿಯಾ ಕ್ರೀಡಾಂಗಣಗಳಲ್ಲಿ ಏಕಕಾಲಕ್ಕೆ ನಡೆದ ಆ ಕಾರ್ಯಕ್ರಮದಲ್ಲಿ ಕ್ವೀನ್‌ಗೆ ಸಿಕ್ಕಿದ್ದು ಸುಮಾರು 20 ನಿಮಿಷ. ಸಂಜೆ ಆರೂಮುಕ್ಕಾಲರ ಸುಮಾರಿಗೆ, ಜುಲೈ ತಿಂಗಳ ಹಗಲು ಬೆಳಕಿನಲ್ಲಿ, ತಮ್ಮ ದೀಪಗಳ ವೈಭವವಾಗಲಿ ಹೊಗೆಯಾಗಲಿ ಇಲ್ಲದೆ, ತಮಗಾಗಿ ಮಾತ್ರ ಬಂದವರಲ್ಲದ 72,000 ಜನರ ಮುಂದೆ ಅವರು ನಿಂತರು. ಲಂಡನ್ನಿನ ಒಂದು ರಂಗಮಂದಿರದಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ ಬಂದಿದ್ದರು. ಬೇರೆ ಹಲವು ತಂಡಗಳಿಗೆ ಈ ಶಿಸ್ತು ಇರಲಿಲ್ಲ, ಅದು ಅಂದು ಕಾಣಿಸಿತು ಕೂಡ.

ಆ 20 ನಿಮಿಷಗಳ ರಚನೆಯನ್ನು ಗಮನಿಸಬೇಕು. ಫ್ರೆಡ್ಡಿ ಪಿಯಾನೊಗೆ ಕುಳಿತು 'ಬೊಹಿಮಿಯನ್ ರಾಪ್ಸಡಿ'ಯ ಮೊದಲ, ಮೆಲುದನಿಯ ಭಾಗವನ್ನು ಹಾಡುತ್ತಾನೆ, ಒಪೆರಾ ಬರುವ ಮೊದಲೇ ಅದನ್ನು ಕತ್ತರಿಸಿ ಎದ್ದು 'ರೇಡಿಯೊ ಗಾ ಗಾ'ಕ್ಕೆ ಹೋಗುತ್ತಾನೆ. ಅದು ರೋಜರ್ ಬರೆದ ಹಾಡು, ಕಂಠಕ್ಕೆ ಅಷ್ಟು ಭಾರವಲ್ಲದ್ದು, ಪಲ್ಲವಿಯ ಕೆಲಸವನ್ನು ಜನರ ಚಪ್ಪಾಳೆಯೇ ಮಾಡುತ್ತದೆ. ಕ್ರೀಡಾಂಗಣದ ತುದಿಯವರೆಗೆ ಎಲ್ಲ ಕೈಗಳೂ ಒಮ್ಮೆಗೇ ಮೇಲಕ್ಕೇಳುವ ಆ ದೃಶ್ಯವನ್ನು ನೋಡದವರು ವಿರಳ. ಅದಾದ ಮೇಲೆ ವಾದ್ಯಗಳೆಲ್ಲ ನಿಲ್ಲುತ್ತವೆ. ಪದಗಳಿಲ್ಲ, ಬರೀ ಸ್ವರ. ಅವನು ಒಂದು ಸಾಲು ಎಳೆದರೆ ಜನ ಅದನ್ನೇ ಹಿಂದಿರುಗಿಸುತ್ತಾರೆ. ಸಾಲುಗಳು ಕ್ರಮೇಣ ತೊಡಕಾಗುತ್ತವೆ, ಒಂದು ಸ್ವರವನ್ನು ಅವನು ಉದ್ದಕ್ಕೆ ಹಿಡಿದು ನಿಲ್ಲಿಸುತ್ತಾನೆ, ಜನ ಅದನ್ನೂ ಹಿಡಿಯಲು ಯತ್ನಿಸುತ್ತಾರೆ. ಒಂದೆರಡು ನಿಮಿಷವೂ ಇಲ್ಲದ ಈ ಭಾಗದಲ್ಲಿ ಅವನು ತಾರಸ್ಥಾಯಿಯ ಸಾಹಸವನ್ನೇನೂ ಮಾಡುವುದಿಲ್ಲ, ಏಕೆಂದರೆ ಸಾಮಾನ್ಯ ಜನ ಹಾಡಬಲ್ಲ ಎತ್ತರದಲ್ಲಿ ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ಅನಂತರ 'ಹ್ಯಾಮರ್ ಟು ಫಾಲ್', ಗಿಟಾರ್ ತೂಗುಹಾಕಿಕೊಂಡು 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್', ಜನರೇ ತಾಳ ಹಾಕುವ 'ವಿ ವಿಲ್ ರಾಕ್ ಯು', ಕೊನೆಗೆ ಮತ್ತೆ ಪಿಯಾನೊಗೆ ಕುಳಿತು 'ಚಾಂಪಿಯನ್ಸ್'. ಕಂಠಕ್ಕೆ ಎಲ್ಲಿ ಕೆಲಸ, ಎಲ್ಲಿ ವಿರಾಮ, ಎಲ್ಲಿ ಜನರಿಗೆ ಬಿಟ್ಟುಕೊಡುವುದು ಎಂಬುದೆಲ್ಲ ಮೊದಲೇ ತೀರ್ಮಾನವಾದಂತಿದೆ. ಹಾಗಿದ್ದೂ ನೋಡುವವರಿಗೆ ಎಲ್ಲವೂ ಆ ಗಳಿಗೆಯಲ್ಲಿ ಹುಟ್ಟಿದಂತೆ ಕಾಣುತ್ತದೆ.

ಜನರಿಗೆ ಬಿಟ್ಟುಕೊಡುವ ಈ ಗುಣ ಅಂದು ಹುಟ್ಟಿದ್ದಲ್ಲ. 'ಲವ್ ಆಫ್ ಮೈ ಲೈಫ್' ಎಂಬ ಮೃದುವಾದ ಪ್ರೇಮಗೀತೆ 1975ರ ಮುದ್ರಿಕೆಯಲ್ಲಿ ಪಿಯಾನೊ ಮತ್ತು ಹಾರ್ಪ್‌ಗಳೊಂದಿಗೆ ಇದೆ. ವೇದಿಕೆಗೆ ಬಂದಾಗ ಬ್ರಯನ್‌ನ ಹನ್ನೆರಡು ತಂತಿಯ ಗಿಟಾರೊಂದನ್ನೇ ಉಳಿಸಿಕೊಂಡರು, ಉಳಿದದ್ದನ್ನು ಜನ ತುಂಬಿದರು. ಭಾವನ ಕ್ಯಾಸೆಟ್ಟಿನಲ್ಲಿ ನಾನು ಮೊದಲು ಕೇಳಿದ್ದೂ ಅದನ್ನೇ. ಗಾಯಕ ಹಾಡುವುದನ್ನು ನಿಲ್ಲಿಸಿದರೂ ಹಾಡು ಮುಂದುವರಿಯುವುದನ್ನು ಕೇಳಿ ಟೇಪ್ ರೆಕಾರ್ಡರೇ ಕೆಟ್ಟಿದೆಯೋ ಎಂದು ಅಕ್ಕ ಎದ್ದು ಬಂದಿದ್ದಳು. 1981ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಲಕ್ಷ ಮೀರಿದ ಜನಸಂದಣಿಯ ಮುಂದೆ ಅವರು ಹಾಡಿದರು, 1985ರ ಜನವರಿಯಲ್ಲಿ 'ರಾಕ್ ಇನ್ ರಿಯೊ' ಉತ್ಸವದಲ್ಲಿ ಮತ್ತೆ ಹಾಡಿದರು. ರಿಯೊದ ವಿಡಿಯೊದಲ್ಲಿ ಇಂಗ್ಲಿಷ್ ತಮ್ಮ ಭಾಷೆಯಲ್ಲದ ಜನ ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡುವಾಗ, ಫ್ರೆಡ್ಡಿ ಹಾಡು ನಿಲ್ಲಿಸಿ ಅವರನ್ನು ನಡೆಸುವುದಷ್ಟೇ ತನ್ನ ಕೆಲಸ ಎಂಬಂತೆ ನಿಂತಿದ್ದಾನೆ. ಮರುವರ್ಷ ಜುಲೈ 27ರಂದು ಹಂಗೆರಿಯ ಬುಡಾಪೆಸ್ಟಿನಲ್ಲಿ ಇದಕ್ಕೆ ಪ್ರತಿಯಾಗಿ ಎಂಬಂತೆ, ಅವನೇ ಅಲ್ಲಿಯ ಜನಪದ ಗೀತೆಯೊಂದನ್ನು ಹಾಡಿದ. ಪದಗಳನ್ನು ಅಂಗೈಯಲ್ಲಿ ಬರೆದುಕೊಂಡು, ಅದನ್ನು ಮರೆಮಾಚದೆ ಓದುತ್ತ ಹಾಡಿದ. ಉಚ್ಚಾರಣೆ ಹೇಗಿತ್ತೆಂಬುದನ್ನು ಹಂಗೆರಿಯವರು ಹೇಳಬೇಕು, ಕ್ರೀಡಾಂಗಣ ಎದ್ದು ನಿಂತದ್ದಂತೂ ಕಾಣಿಸುತ್ತದೆ.

ಅದೇ ಪ್ರವಾಸದ ಕೊನೆಯ ಕಾರ್ಯಕ್ರಮ 1986ರ ಆಗಸ್ಟ್ 9ರಂದು ಇಂಗ್ಲೆಂಡಿನ ನೆಬ್‌ವರ್ತ್ ಬಯಲಿನಲ್ಲಿ ನಡೆಯಿತು. ಆ ನಾಲ್ವರು ಒಟ್ಟಿಗೆ ಮತ್ತೆ ಕಾರ್ಯಕ್ರಮ ಕೊಡಲಿಲ್ಲ. ಒಪೆರಾ ಗಾಯಕಿ ಮೊಂಸೆರಾಟ್ ಕಬಾಯೆ ಜೊತೆ ಫ್ರೆಡ್ಡಿ ಮಾಡಿದ 'ಬಾರ್ಸಿಲೋನಾ' ಮುದ್ರಿಕೆ 1988ರಲ್ಲಿ ಬಂತು. ಅದರಲ್ಲಿಯ ಅವನ ಹಾಡುಗಾರಿಕೆ ಎಷ್ಟು ಸೊಗಸಾದದ್ದಾದರೂ, ಆ ವರ್ಷದ ಅಕ್ಟೋಬರಿನಲ್ಲಿ ಇಬ್ಬರೂ ಬಾರ್ಸಿಲೋನಾದಲ್ಲಿ ವೇದಿಕೆಗೆ ಬಂದಾಗ ಮುದ್ರಿತ ಧ್ವನಿಗೆ ತುಟಿ ಆಡಿಸಿದರು. ಒಪೆರಾ ಭಾಗಕ್ಕೆ ವೇದಿಕೆ ಬಿಟ್ಟು ಹೋಗುತ್ತಿದ್ದವನು ಹಾಗೆ ಮಾಡಿದ್ದನ್ನು ನೋಡುವುದು ನನಗೆ ಇಂದಿಗೂ ಹಿತವೆನಿಸುವುದಿಲ್ಲ, ಆ ಹೊತ್ತಿಗೆ ಅವನಿಗೆ ರೋಗವಿದ್ದದ್ದು ಗೊತ್ತಿದ್ದರೂ.

ಉಳಿಸಿಡುವ ಲೆಕ್ಕವನ್ನು ಅವನು ಪೂರ್ತಿ ಕೈಬಿಟ್ಟದ್ದು ಸ್ಟುಡಿಯೋದಲ್ಲಿ, ಕೊನೆಯ ದಿನಗಳಲ್ಲಿ. 'ದ ಶೋ ಮಸ್ಟ್ ಗೋ ಆನ್' ಹಾಡನ್ನು 1990ರಲ್ಲಿ ಮುದ್ರಿಸುವಾಗ, ಈ ಎತ್ತರವನ್ನು ಇಷ್ಟು ಕ್ಷೀಣಿಸಿದ ದೇಹ ತಾಳಲಾರದೇನೋ ಎಂದು ಬ್ರಯನ್ ಮೇ ಅಂಜಿದ್ದನ್ನು ಆಮೇಲೆ ಹೇಳಿಕೊಂಡಿದ್ದಾನೆ. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಕುಡಿದು ಹೋಗಿ ಹಾಡಿಯೇಬಿಟ್ಟ. ನಾಳೆಯ ಊರು, ನಾಳೆಯ ಸಂಜೆ ಎಂಬ ಯೋಚನೆ ಇಲ್ಲದ ಹಾಡುಗಾರಿಕೆ ಅದು. ವೇದಿಕೆಗಾಗಿ ಕಾಪಾಡಬೇಕಾದ ಗಂಟಲು ಇನ್ನು ಇರಲಿಲ್ಲವಾದ್ದರಿಂದ ಇದ್ದದ್ದನ್ನೆಲ್ಲ ಅಲ್ಲೇ ಸುರಿದ. 1991ರ ಮೇ ತಿಂಗಳಲ್ಲಿ ಸ್ವಿಟ್ಸರ್ಲೆಂಡಿನ ಮಾಂಟ್ರೊದಲ್ಲಿ ಹಾಡತೊಡಗಿದ 'ಮದರ್ ಲವ್' ಹಾಡಿನ ಕೊನೆಯ ಚರಣ ಅವನಿಂದ ಆಗಲಿಲ್ಲ, ಅದನ್ನು ಬ್ರಯನ್ ಹಾಡಿ ಮುಗಿಸಬೇಕಾಯಿತು.

ಇಲ್ಲಿ ಇನ್ನೊಂದು ಕಂಠದ ನೆನಪು ತಪ್ಪದೆ ಬರುತ್ತದೆ. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಮೂವತ್ತರ ಆಚೀಚೆಯ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಪದ್ಯಗಳ ಕ್ಯಾಸೆಟ್ಟುಗಳನ್ನು ಈ ಭಾಗದ ಎಷ್ಟೋ ಮನೆಗಳಲ್ಲಿ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಪ್ರತಿಯಿಂದ ಪ್ರತಿ ಮಾಡಿ ಸವೆದುಹೋದ ಮುದ್ರಣಗಳನ್ನು ಯೂಟ್ಯೂಬಿಗೆ ಏರಿಸುತ್ತಲೇ ಇದ್ದಾರೆ. ಚೆಂಡೆಯ ಅಬ್ಬರದಲ್ಲಿ ಅರ್ಧ ಮುಳುಗಿದ, ಪಕ್ಕದಲ್ಲಿ ಯಾರೋ ಕೆಮ್ಮಿದ್ದು ಕೇಳಿಸುವ ಆ ಮುದ್ರಣಗಳನ್ನೇ ಅಭಿಮಾನಿಗಳು ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿ ಮಾಡಿದವುಗಳಿಗಿಂತ ಹೆಚ್ಚಾಗಿ ಬಯಸುತ್ತಾರೆ. ಫ್ರೆಡ್ಡಿಯ ಅಭಿಮಾನಿಗಳು ಮಾಡುವುದೂ ಅದನ್ನೇ. ಅಧಿಕೃತ ಮುದ್ರಿಕೆಗಳು ಬೇಕಾದಷ್ಟಿದ್ದರೂ, ಪ್ರೇಕ್ಷಕರಲ್ಲೊಬ್ಬ ಕೋಟಿನೊಳಗೆ ಅಡಗಿಸಿ ತಂದ ಯಂತ್ರದಲ್ಲಿ ಹಿಡಿದ ಯಾವುದೋ ಊರಿನ ಒಂದು ಸಂಜೆಯನ್ನು ಹುಡುಕಿ ಕೇಳುತ್ತಾರೆ, ಅಂದು ಅವನ ಗಂಟಲು ಹೇಗಿತ್ತು ಎಂದು ಚರ್ಚಿಸುತ್ತಾರೆ. ಗಂಟಲು ಕೆಟ್ಟ ಸಂಜೆಗಳಿಗೂ ಅವರಲ್ಲಿ ಬೆಲೆಯಿದೆ.

1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ನಡೆದ ಸ್ಮರಣೆಯ ಕಾರ್ಯಕ್ರಮದಲ್ಲಿ ಆ ಕಾಲದ ದೊಡ್ಡ ದೊಡ್ಡ ಗಾಯಕರು ಫ್ರೆಡ್ಡಿಯ ಹಾಡುಗಳನ್ನು ಹಾಡಿದರು. ಅವುಗಳಲ್ಲಿ ಮನಸ್ಸಿಗೆ ನಿಜವಾಗಿ ನಾಟುವುದು ಜಾರ್ಜ್ ಮೈಕೆಲ್ ಹಾಡಿದ 'ಸಮ್‌ಬಡಿ ಟು ಲವ್'. ಉಳಿದವರಲ್ಲಿ ಹಲವರು ಸ್ವರಗಳನ್ನು ಮುಟ್ಟಿದರೂ ಹಾಡು ಅವರ ಕೈಗೆ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಸದಾಗಿ ಕೇಳಹೊರಟವರಿಗೆ ಏನನ್ನು ಸೂಚಿಸಬೇಕು ಎಂಬ ವಿಷಯದಲ್ಲಿ ನನಗೂ ಕಂಕನಾಡಿಯ ಗೆಳೆಯನಿಗೂ ಒಮ್ಮತವಿಲ್ಲ. ಎಳೆಯ ಕಂಠದ ಚುರುಕು ಬೇಕಾದವರು 1974ರ ರೇನ್‌ಬೋ ರಂಗಮಂದಿರದ ಮುದ್ರಣವನ್ನು ಕೇಳಬೇಕು ಎಂಬಲ್ಲಿಯವರೆಗೆ ಇಬ್ಬರೂ ಒಪ್ಪುತ್ತೇವೆ. ಅಲ್ಲಿಂದ ಮುಂದೆ ನನ್ನ ಮತ 1981ರ ನವೆಂಬರ್ 24 ಮತ್ತು 25ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮಗಳಿಗೆ. ಮೆಕ್ಸಿಕೋದ ಪ್ರವಾಸ ಅಕ್ಟೋಬರಿನಲ್ಲೇ ಮುಗಿದು, ಒಂದು ತಿಂಗಳಿಗೂ ಹೆಚ್ಚು ಕಾಲ ವಿಶ್ರಾಂತಿ ಪಡೆದ ಗಂಟಲು ಅದು. ಅಲ್ಲಿಯ 'ಸಮ್‌ಬಡಿ ಟು ಲವ್' ಹಾಡಿನಲ್ಲಿ ಅವನು ಬೇರೆಡೆ ಇಳಿಸುವ ಸ್ವರಗಳನ್ನು ಧಾರಾಳವಾಗಿ ಮೇಲಕ್ಕೇ ಒಯ್ಯುತ್ತಾನೆ, ಪಿಯಾನೊದ ಮುಂದೆ ಕುಳಿತು ಕೊನೆಯ ಭಾಗವನ್ನು ಹಿಗ್ಗಿಸುತ್ತ ಹೋಗುತ್ತಾನೆ. ಗೆಳೆಯ ಇದನ್ನು ಒಪ್ಪುವುದಿಲ್ಲ. ವಿಶ್ರಾಂತಿ ಪಡೆದ ಗಂಟಲಿನಿಂದ ಚೆನ್ನಾಗಿ ಹಾಡುವುದರಲ್ಲಿ ಏನು ವಿಶೇಷ ಎಂಬುದು ಅವನ ವಾದ. 1982ರ ಜೂನ್ 5ರಂದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ, ವಾರಗಟ್ಟಲೆ ಯುರೋಪು ಸುತ್ತಿ ಬಂದ ಕಂಠದಲ್ಲಿ ಅವನು ಹಾಡಿದ್ದೇ ಹೆಚ್ಚಿನದು ಎನ್ನುತ್ತಾನೆ. ಆ ಮುದ್ರಣದಲ್ಲಿ ಸ್ವರ ಒಡೆಯುವ ಜಾಗಗಳನ್ನು ನಾನು ತೋರಿಸಿದರೆ, ಒಡೆದ ಮೇಲೆ ಮುಂದಿನ ಸಾಲನ್ನು ಎತ್ತಿಕೊಂಡ ಬಗೆಯನ್ನು ಅವನು ತೋರಿಸುತ್ತಾನೆ. ಕಳೆದ ಸಲ ಈ ವಾದ ಊಟದ ಹೊತ್ತು ಮೀರಿದ ಮೇಲೆ ಅವನ ಹೆಂಡತಿ ಬಂದು ಟಿವಿ ಆರಿಸುವುದರೊಂದಿಗೆ ನಿಂತಿತು.